ಪ್ಯಾನೆಲ್ ಗುರುಗಳು

ಪೀಣ್ಯದ ಯಾವ ಶೆಡ್ಡಿಗೇ ಹೋಗಿ, ಒಬ್ಬ ಪ್ಯಾನೆಲ್ ಗುರುಗಳು ಇದ್ದೇ ಇರುತ್ತಾರೆ. ಜೇಬಿನಲ್ಲಿ ಟೆಸ್ಟರು, ಡಬ್ಬಿಯಲ್ಲಿ ಫೆರೂಲ್ ನಂಬರುಗಳು, ಬಾಯಲ್ಲಿ ‘ಸ್ಪೇರ್ ಇರ್ಲಿ’ ಎಂಬ ಮಂತ್ರ. ಹತ್ತು ಕೋರ್ ಸಾಕೆಂದರೆ ಹದಿನಾರು ಕೋರಿನ ಕೇಬಲ್ ಎಳೆಸುತ್ತಾರೆ. ಕಂಟ್ರೋಲ್ ಪ್ಯಾನೆಲ್ ಎಂದರೆ ಒಂದೇ ಇರಬೇಕು, ಅದು ಗೋಡೆ ತುಂಬಬೇಕು, ಬಾಗಿಲು ತೆರೆದರೆ ಹೊಸ ಹುಡುಗ ಹೆದರಬೇಕು ಎಂಬುದು ಅವರ ಸಿದ್ಧಾಂತ. ಡಕ್ಟಿನೊಳಗೆ ವೈರುಗಳನ್ನು ಕೂರಿಸಿದರೆ ಎಣ್ಣೆ ಹಚ್ಚಿ ಬಾಚಿ ಜಡೆ ಹೆಣೆದ ಹಾಗಿರುತ್ತದೆ.

ಇಂಥ ಒಬ್ಬರ ಕೈಕೆಳಗೆ, ಕಾಗದದ ಪ್ರಕಾರ ಅವರ ಮೇಲೆ, ನಾನು ಎಂಜಿನಿಯರಾಗಿದ್ದೆ.

ಅವರ ವೈರಿಂಗ್ ಕಣ್ಣಿಗೆ ಹಬ್ಬ, ಟೆಸ್ಟಿಂಗ್ ಮಾತ್ರ ಕಿವಿಗೆ ಶಿಕ್ಷೆ. ಕನ್ವೇಯರಿನ ಆ ತುದಿಯಲ್ಲಿ ಹುಡುಗ ಸೆನ್ಸರಿನ ಮುಂದೆ ಸ್ಪ್ಯಾನರ್ ಹಿಡಿಯಬೇಕು. ಈ ತುದಿಯಲ್ಲಿ ಗುರುಗಳು ಪ್ಯಾನೆಲಿಗೆ ತಲೆ ತೂರಿಸಿ ಪಿಎಲ್‌ಸಿಯ ದೀಪ ನೋಡಬೇಕು.

‘ಬಂತಾ ಗುರುಗಳೇ?’

‘ಇಲ್ವೋ!’

‘ಈಗ?’

‘ಪಕ್ಕದ್ದು ಬಂತು! ಯಾವುದಕ್ಕೆ ಹಿಡಿದಿದ್ದೀಯೋ?’

ಅಷ್ಟರಲ್ಲಿ ಕಂಪ್ರೆಸರ್ ಶುರುವಾಗಿ, ಗುರುಗಳ ಮುಂದಿನ ‘ಬಂದಿಲ್ಲ’ ಹುಡುಗನಿಗೆ ‘ಬಂತು’ ಎಂದೇ ಕೇಳಿಸಿ, ಅವನು ನೆಮ್ಮದಿಯಾಗಿ ಟೀಗೆ ಹೋಗಿಬಿಡುತ್ತಿದ್ದ.

ನಾನು ಲೆಕ್ಕ ಒಪ್ಪಿಸಿದೆ. ‘ಗುರುಗಳೇ, 60 ಮೀಟರ್ ಆಚೆ 16 ಸೆನ್ಸರ್. ತಲಾ 3 ತಂತಿ. ಒಂದೊಂದನ್ನೂ ಇಲ್ಲಿಗೇ ಎಳೆದರೆ 2,880 ಮೀಟರ್ ವೈರು. ಅಲ್ಲೇ ಒಂದು ಪುಟ್ಟ ಪ್ಯಾನೆಲ್ ಇಟ್ಟು, ಸೆನ್ಸರುಗಳನ್ನೆಲ್ಲ ಅದಕ್ಕೆ ಕೊಟ್ಟರೆ, ಎಮರ್ಜೆನ್ಸಿ ಸ್ಟಾಪಿನ ವೈರು ಬಿಟ್ಟು, ಅಲ್ಲಿಂದ ಇಲ್ಲಿಗೆ 24 ವೋಲ್ಟ್ ಸಪ್ಲೈ, ಒಂದು ಪ್ರೊಫಿಬಸ್ ಕೇಬಲ್. ಅಷ್ಟೇ.’

ಗುರುಗಳು ಆ ನೇರಳೆ ಕೇಬಲ್ ಸುಲಿದು, ಒಳಗಿನ ಕೆಂಪು, ಹಸಿರು ಎಳೆಗಳನ್ನು ಬೆಳಕಿಗೆ ಹಿಡಿದರು. ‘ಹದಿನಾರೂ ಇದ್ರಲ್ಲೇ ಬರುತ್ತಾ? ಸರಿ. ಹೆಗ್ಗಣ ಇದನ್ನ ಕಡಿದ್ರೆ?’

‘ಹದಿನಾರೂ ಹೋಗುತ್ತೆ.’

‘ನನ್ನ ವೈರಿಂಗಲ್ಲಿ ಹೆಗ್ಗಣ ಹದಿನಾರು ಸಲ ಕಡೀಬೇಕು ಸಾರ್.’

ಇದಕ್ಕೆ ಉತ್ತರ ಬಿ.ಇ. ಸಿಲಬಸ್ಸಿನಲ್ಲಿರಲಿಲ್ಲ.

ಕೊನೆಗೆ ಮಾಲೀಕರು ತಾಮ್ರದ ಬೆಲೆ ನೋಡಿ ನನ್ನ ಪಕ್ಷಕ್ಕೆ ಬಂದರು. ಗುರುಗಳು ಮುನಿಸಿನಲ್ಲೇ ಪುಟ್ಟ ಪ್ಯಾನೆಲ್ ಕಟ್ಟಿದರು. ಅದರಲ್ಲೂ ಆರು ಟರ್ಮಿನಲ್ ಸ್ಪೇರ್! ಎರಡೆಳೆಯ ಕೇಬಲ್ಲಿಗೂ ಎರಡೂ ತುದಿಯಲ್ಲಿ ನಂಬರು! ಈಗ ಸೆನ್ಸರಿನ ಪಕ್ಕದ ಪೆಟ್ಟಿಗೆಯಲ್ಲೇ ದೀಪ ಹತ್ತುತ್ತದೆ, ಕೂಗುವ ಅಗತ್ಯವೇ ಇಲ್ಲ. ಗುರುಗಳು ಹುಡುಗನ ಭುಜಕ್ಕೆ ಭುಜ ತಾಗಿಸಿ ನಿಂತೇ ‘ಬಂತಾ?’ ಎಂದು ಶೆಡ್ಡು ನಡುಗುವಂತೆ ಕೂಗುತ್ತಾರೆ.

ಆದರೂ ಒಂದು ಮಾತು ಹೇಳಬೇಕು. ಆ ಕೂಗಾಟದಲ್ಲೇ ಹುಡುಗರು ಲೈನಿನ ಉದ್ದಕ್ಕೂ ಓಡಾಡಿ, ಯಾವ ಸೆನ್ಸರ್ ಎಲ್ಲಿದೆ, ಅದು ಕೆಟ್ಟರೆ ಏನು ನಿಲ್ಲುತ್ತದೆ ಎಂದು ಕಲಿತರು. ಈಗಿನವರಿಗೆ ಸ್ಕ್ರೀನಿನ ಹಸಿರು ಚುಕ್ಕೆ ಗೊತ್ತು. ಅದು ಯಾವ ರೋಲರಿನ ಕೆಳಗಿದೆ ಎಂದು ಕೇಳಿದರೆ ನನ್ನ ಮುಖ ನೋಡುತ್ತಾರೆ. ನಾನು ಗುರುಗಳ ಮುಖ ನೋಡುತ್ತೇನೆ.

ಪ್ಯಾನೆಲನ್ನು ಹಂಚಿಟ್ಟರೆ ವೈರೂ ಉಳಿಯುತ್ತದೆ, ವೈರಿಂಗಿನ ದಿನಗಳೂ ಉಳಿಯುತ್ತವೆ, ನಿಜ. ಆದರೆ ಒಂದೇ ಕಡೆ ಹುಡುಕುತ್ತಿದ್ದ ಫಾಲ್ಟನ್ನು ನಾಲ್ಕು ಕಡೆ ಹುಡುಕಬೇಕಾಗುತ್ತದೆ. ಆದ್ದರಿಂದ ಎಂಜಿನಿಯರ್ ಮಿತ್ರರೇ, ಪ್ರತಿ ಪುಟ್ಟ ಪ್ಯಾನೆಲಿನ ಬಾಗಿಲಿಗೂ ಡ್ರಾಯಿಂಗ್ ಅಂಟಿಸಿ, ಪ್ರತಿ ವೈರಿನ ಎರಡೂ ತುದಿಗೆ ನಂಬರು ಹಾಕಿಸಿ. ಆ ಕೆಲಸಕ್ಕೆ ನಿಮ್ಮ ಶೆಡ್ಡಿನ ಗುರುಗಳನ್ನೇ ಕರೆಯಿರಿ. ಸ್ಪೇರ್ ಕೇಳಿದರೆ ಮರುಮಾತಾಡದೆ ಕೊಟ್ಟುಬಿಡಿ.