ಬೂದಿ ಮುಚ್ಚುವ ಬಗೆ

ಶಾಖೋತ್ಪನ್ನ ವಿದ್ಯುತ್ ಕೇಂದ್ರವಿರುವ ಜಿಲ್ಲೆಯ ಗಾಳಿಯ ಉಸ್ತುವಾರಿ ನಿಮ್ಮ ಹೆಗಲಿಗೆ ಬಂದಿದೆಯೆ? ಗಾಬರಿ ಬೇಡ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಡತ ಕಾಣುತ್ತದೆ. ಕಾಣುವುದನ್ನು ಒಪ್ಪವಾಗಿಟ್ಟುಕೊಳ್ಳಿ.

ಅಭ್ಯಾಸಕ್ಕೆ ರಾಯಚೂರನ್ನೇ ತೆಗೆದುಕೊಳ್ಳಿ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, 1720 ಮೆಗಾವಾಟ್ ಸಾಮರ್ಥ್ಯ. ರಾಯಚೂರು ನಗರದ ಮಗ್ಗುಲಲ್ಲೇ ಯರಮರಸ್. ಅಲ್ಲಿ 800ರ ಎರಡು ಘಟಕ. ಈಗ ನಿಮ್ಮ ಕೈ ತಾನಾಗಿ ಕ್ಯಾಲ್ಕುಲೇಟರಿನ ಕಡೆ ಹೋಗುತ್ತದೆ. ತಡೆಯಿರಿ. ಈ ಉದ್ಯೋಗದಲ್ಲಿ ಕೂಡುವ ಲೆಕ್ಕ ನಿಷಿದ್ಧ. ಭಾಗಿಸಿ. ಚಿಮಣಿಯಿಂದ ಚಿಮಣಿಗೆ ಭಾಗಿಸಿ, ದಿನದಿಂದ ದಿನಕ್ಕೆ ಭಾಗಿಸಿ, ಇಲಾಖೆಯಿಂದ ಇಲಾಖೆಗೆ ಭಾಗಿಸಿ. ಎರಡು ಸ್ಥಾವರ, ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಗದ್ದೆಯಲ್ಲಿ ಸುಡುವ ಹುಲ್ಲು, ಟಿಪ್ಪರ್ ಎಬ್ಬಿಸುವ ಧೂಳು, ಎಲ್ಲ ಸೇರಿ ಒಬ್ಬ ಮನುಷ್ಯನ ಎದೆಗೂಡಿಗೆ ಎಷ್ಟು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ, ‘ಅದು ಪ್ರತ್ಯೇಕ ಅಧ್ಯಯನದ ವಿಷಯ’ ಎನ್ನಿ. ಅಧ್ಯಯನಕ್ಕೆ ಸಮಿತಿ ಮಾಡಿ. ಸಮಿತಿಗೆ ಕುರ್ಚಿ ಕೊಡಿ, ಅವಧಿ ಕೊಡಬೇಡಿ.

ಅಳತೆಯ ಯಂತ್ರ ಎಲ್ಲಿಡಬೇಕೆಂಬುದನ್ನು ನೀವೇ ನಿಂತು ತೀರ್ಮಾನಿಸಿ, ಕಿರಿಯರಿಗೆ ಬಿಡಬೇಡಿ. ಗಾಳಿ ಬೀಸುವ ದಿಕ್ಕನ್ನು ಮೊದಲು ತಿಳಿದುಕೊಳ್ಳಿ. ತಿಳಿದಮೇಲೆ ಅದಕ್ಕೆ ಬೆನ್ನು ಹಾಕಿ. ಸರ್ಕಾರಿ ಕಚೇರಿಯ ಮಾಳಿಗೆ ಶ್ರೇಷ್ಠ: ಕಾಂಪೌಂಡಿದೆ, ಕರೆಂಟಿದೆ, ಪಕ್ಕದಲ್ಲಿ ಬೇವಿನ ಮರವಿದೆ. ಕೈಯಿಂದ ನಡೆಸುವ ಯಂತ್ರವಾದರೆ ಅದರ ಹೊಟ್ಟೆಯಲ್ಲಿ ಬಿಳಿಯ ಗಾಜಿನ ನಾರಿನ ಕಾಗದವೊಂದಿರುತ್ತದೆ. ಹಾಕುವ ಮುನ್ನ ತೂಗುತ್ತಾರೆ, ಗಾಳಿ ಎಳೆದಾದ ಮೇಲೆ ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಧೂಳು. ಬೆಳಗ್ಗೆ ಬೆಳ್ಳಗಿದ್ದ ಕಾಗದ ಸಂಜೆಗೆ ಇಲಿಬಣ್ಣಕ್ಕೆ ತಿರುಗಿರುತ್ತದೆ. ಆ ಕಾಗದವನ್ನು ಪತ್ರಕರ್ತರಿಗೆ ತೋರಿಸಬೇಡಿ. ಅಂಕಿ ಕೊಡಿ. ಅಂಕಿಗೆ ಬಣ್ಣವಿಲ್ಲ.

2009ರ ರಾಷ್ಟ್ರೀಯ ಮಾನದಂಡವನ್ನು ಪ್ರೀತಿಯಿಂದ ಓದಿ, ನಿಮಗಾಗಿಯೇ ಬರೆದಂತಿದೆ. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ಅಳತೆ ಸಿಕ್ಕರೆ ವಾರ್ಷಿಕ ಸರಾಸರಿ ಸಿದ್ಧ. ಉಳಿದ ಐದು ದಿನ ಜನ ಏನನ್ನು ಉಸಿರಾಡಿದರು ಎಂಬ ಕುತೂಹಲ ಬೆಳೆಸಿಕೊಳ್ಳಬೇಡಿ. ವರ್ಷದಲ್ಲಿ ನೂರಕ್ಕೆ ಎರಡರಷ್ಟು ಸಲ ಮಿತಿ ಮೀರಲು ಅನುಮತಿಯೂ ಇದೆ, ಅಳತೆಯ ಎರಡು ದಿನ ಬೆನ್ನುಬೆನ್ನಿಗೆ ಮೀರದಿದ್ದರಾಯಿತು. ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಸಭೆಯಲ್ಲಿ ಯಾರಾದರೂ ಆ ಐದನ್ನು ಎತ್ತಿದರೆ, ‘ನಮ್ಮ ಹವಾಮಾನವೇ ಬೇರೆ’ ಎಂದು ನಕ್ಕು ಚಹಾ ತರಿಸಿ. ಬೇಸಿಗೆಯ ಅಂಕಿ ಏರಿದ್ದರೆ ಚಿಂತೆ ಬೇಡ. ಮುಂಗಾರು ಬಂದು ಧೂಳು ತೊಳೆಯುವವರೆಗೆ ವರದಿಯನ್ನು ಮೇಜಿನಲ್ಲಿಡಿ. ಸರಾಸರಿಗೆ ಮಳೆಯಷ್ಟು ನಿಷ್ಠಾವಂತ ನೌಕರ ಮತ್ತೊಬ್ಬನಿಲ್ಲ.

ತಾನಾಗಿ ಅಳೆಯುವ ಆಧುನಿಕ ಕೇಂದ್ರ ಬಂದರೂ ಅಂಜಬೇಡಿ. ವಾಯು ಗುಣಮಟ್ಟ ಸೂಚ್ಯಂಕ ಹಾಕಲು ಕನಿಷ್ಠ ಮೂರು ಮಾಲಿನ್ಯಕಾರಕಗಳ ಮಾಹಿತಿ ಬೇಕು, ಅದರಲ್ಲೊಂದು ಕಣಗಳದ್ದೇ ಆಗಿರಬೇಕು, ಅದೂ ಹದಿನಾರು ಗಂಟೆಯದ್ದು. ಕಣ ಅಳೆಯುವ ಯಂತ್ರ ರಿಪೇರಿಗೆ ಹೋದ ದಿನ ಸೂಚ್ಯಂಕವೇ ಹುಟ್ಟುವುದಿಲ್ಲ. ಹುಟ್ಟದ ಅಂಕಿಗೆ ಕೆಂಪು ಬಣ್ಣ ಬಳಿಯುವವರಾರು? ಬಿಡಿಭಾಗ ಬೆಂಗಳೂರಿನಿಂದ ಬರಬೇಕು ಎಂದು ಬರೆದಿಡಿ.

ಇನ್ನು ಗಂಧಕದ ಹೊಗೆ. ಇಲ್ಲಿ ನಿಧಾನವಾಗಿ ಕಲಿಯಿರಿ, ಏಕೆಂದರೆ ಈ ವಿದ್ಯೆಯನ್ನು ದೇಶವೇ ಸಾಧಿಸಿ ತೋರಿಸಿದೆ. 2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಸ್ಥಾವರಗಳ ಹೊಗೆಗೆ ಹೊಸ ಮಿತಿ ಹಾಕಿ ಎರಡು ವರ್ಷದ ಗಡುವು ಕೊಟ್ಟಿತು. ಸುಣ್ಣದಕಲ್ಲಿನ ನೀರಿನಿಂದ ಗಂಧಕವನ್ನು ತೊಳೆಯುವ ಎಫ್‌ಜಿಡಿ ಘಟಕ ಕೂರಿಸಬೇಕಿತ್ತು. ನೀವಾದರೆ ಹೌಹಾರಿ ಟೆಂಡರ್ ಕರೆಯುತ್ತಿದ್ದಿರಿ. ಅನುಭವಿಗಳು ಕಾದರು. ಗಡುವು 2022ಕ್ಕೆ ಹೋಯಿತು. ಮತ್ತೆ ಕಾದರು. ಸ್ಥಾವರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಬೇರೆಬೇರೆ ಗಡುವು ಬಂತು, ಆ ಗಡುವುಗಳೂ ಮುಂದಕ್ಕೆ ಹೋದವು. 2025ರ ಜುಲೈನಲ್ಲಿ ಸಿ ವರ್ಗಕ್ಕೆ, ಅಂದರೆ ದೇಶದ ಮುಕ್ಕಾಲಿಗೂ ಹೆಚ್ಚು ಘಟಕಗಳಿಗೆ, ಗಂಧಕದ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ಚಿಮಣಿ ಸಾಕಷ್ಟು ಎತ್ತರವಿದ್ದರಾಯಿತು. ಗಡುವು ಬಂದಾಗ ಓಡುವವನು ದಡ್ಡ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎತ್ತರದ ಚಿಮಣಿಯ ಮಹಿಮೆಯನ್ನು ಮನಸ್ಸಿಗೆ ತಂದುಕೊಳ್ಳಿ. 210 ಮೆಗಾವಾಟಿನಂಥ ಘಟಕಕ್ಕೆ 220 ಮೀಟರ್, 500 ದಾಟಿದರೆ 275 ಮೀಟರ್. ಚಿಮಣಿ ಗಂಧಕವನ್ನು ಕಡಿಮೆ ಮಾಡುವುದಿಲ್ಲ, ವಿಳಾಸ ಬದಲಿಸುತ್ತದೆ. ಮೇಲೇರಿದ ಅನಿಲ ನೂರಾರು ಕಿಲೋಮೀಟರ್ ಪಯಣಿಸಿ, ದಾರಿಯಲ್ಲಿ ಸಲ್ಫೇಟ್ ಕಣವಾಗಿ, ಇನ್ಯಾವುದೋ ಊರಿನ ಪಿಎಂ 2.5 ಲೆಕ್ಕಕ್ಕೆ ಸೇರುತ್ತದೆ. ಆ ಊರಿನವರು ತಮ್ಮ ಆಟೋಗಳನ್ನು ಬೈದುಕೊಳ್ಳುತ್ತಾರೆ. ಶಕ್ತಿನಗರದ ಬಳಿ ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಅಲ್ಲಿ ಲಾರಿಗೆ ತಪಾಸಣೆಯುಂಟು, ಹೊಗೆಗಿಲ್ಲ.

ಬೂದಿಯದು ಬೇರೆ ಶಾಸ್ತ್ರ. ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಉರಿಯುತ್ತದೆ, ನಮ್ಮ ಕಲ್ಲಿದ್ದಲಲ್ಲಿ ಮೂರರಲ್ಲೊಂದು ಪಾಲು ಬೂದಿ. ನೀರಲ್ಲಿ ಕಲಸಿ ಬೂದಿ ಹೊಂಡಕ್ಕೆ ಬಿಡಿ. ಹೊಂಡ ಒಣಗದಂತೆ ನೀರು ಹಾಯಿಸಿ, ತಪಾಸಣೆಯ ದಿನ. ಮಿಕ್ಕ ದಿನ ಚೈತ್ರದ ಬಿಸಿಲು ತನ್ನ ಕೆಲಸ ಮಾಡಲಿ. ಮಧ್ಯಾಹ್ನದ ಸುಂಟರಗಾಳಿಗೆ ಹೊಂಡದ ಮೇಲಿಂದ ಬೂದಿ ಎದ್ದು, ಹಳ್ಳಿಯ ಮಾಳಿಗೆಯಲ್ಲಿ ಒಣಗಲಿಟ್ಟ ಸಂಡಿಗೆಯ ಮೇಲೆ ಸದ್ದಿಲ್ಲದೆ ಕೂರುತ್ತದೆ. ಒಗೆದು ಹರವಿದ ಬಿಳಿ ಧೋತರ ಕೊಡವಿದರೆ ಮತ್ತೊಮ್ಮೆ ಒಗೆಯಬೇಕು. ರೈತ ಬಂದು, ‘ಸಾಹೇಬ್ರ, ಹತ್ತಿ ಮ್ಯಾಗ ಬೂದಿ ಕುಂತದ್ರಿ’ ಅಂದರೆ ಸಿಡುಕಬೇಡಿ. ಕೂರಿಸಿ ನೀರು ಕೊಡಿ, ಅರ್ಜಿ ಬರೆಸಿ, ಎರಡು ಪ್ರತಿ ತೆಗೆಸಿ, ಒಂದನ್ನು ಕೃಷಿ ಇಲಾಖೆಗೆ, ಇನ್ನೊಂದನ್ನು ಕಂದಾಯಕ್ಕೆ ಕಳಿಸಿ. ಬೂದಿಯೆಲ್ಲ ನೂರಕ್ಕೆ ನೂರು ಬಳಕೆಯಾಗಬೇಕು ಎಂದು 2021ರ ಅಧಿಸೂಚನೆ ಹೇಳುತ್ತದೆ. ತಗ್ಗು ತುಂಬಿಸುವುದೂ ಅದರಲ್ಲಿ ಬಳಕೆಯೇ. ರಾಯಚೂರಿನಲ್ಲಿ ತಗ್ಗಿಗೇನು ಬರ? ಮುಚ್ಚಿದ ಬಲ್ಕರ್ ಲಾರಿ ಸಿಗದಿದ್ದರೆ ಟಿಪ್ಪರ್ ಕಳಿಸಿ. ತಾಡಪತ್ರಿ ಹರಿದಿದ್ದರೆ ದಾರಿಯುದ್ದಕ್ಕೂ ಬಳಕೆ ಆಗುತ್ತಾ ಹೋಗುತ್ತದೆ.

ಹೊಸ ಘಟಕ ಬಂದಾಗ ಸಾರ್ವಜನಿಕ ಅಹವಾಲು ನಡೆಸಲೇಬೇಕು. ಪೂರ್ತಿ ವರದಿ ಇಂಗ್ಲಿಷಿನಲ್ಲಿ ದಪ್ಪಗಿರಲಿ, ಕನ್ನಡದ ಸಾರಾಂಶ ತೆಳ್ಳಗಿರಲಿ. ಬಿತ್ತನೆಯ ವಾರ ನೋಡಿ ದಿನ ಗೊತ್ತು ಮಾಡಿ. ಶಾಮಿಯಾನದ ಮುಂದಿನ ಸಾಲಿಗೆ ಕೆಲಸ ಕೇಳಿ ಬಂದ ಹುಡುಗರನ್ನು ಕೂರಿಸಿ, ಕೆಮ್ಮುವ ಮುದುಕರನ್ನು ಮೈಕಿನಿಂದ ದೂರವಿಡಿ, ಧ್ವನಿಮುದ್ರಣ ಕೆಡುತ್ತದೆ.

ಆಸ್ಪತ್ರೆಯ ಕಡೆಗೂ ಒಂದು ಕಣ್ಣಿರಲಿ. ದಮ್ಮು ಎಂದು ಬಂದವನಿಗೆ ಮೊದಲ ಪ್ರಶ್ನೆ ‘ಬೀಡಿ ಸೇದ್ತೀಯಾ?’ ಎಂದಿರಬೇಕು. ಸೇದುತ್ತಾನಾದರೆ ಪ್ರಕರಣ ಮುಗಿಯಿತು. ಇಲ್ಲವೆಂದರೆ ಅವನ ಅಪ್ಪನ ವಿಚಾರ ಕೇಳಲಿ. ಹೆಂಗಸಾದರೆ ಒಲೆಯ ಹೊಗೆ ಇದ್ದೇ ಇದೆ. ಎಲ್ಲಿ ವಾಸ ಎಂಬ ಕಾಲಂ ಚೀಟಿಯಲ್ಲಿರದಂತೆ ನೋಡಿಕೊಳ್ಳಿ.

ಇಷ್ಟಾದರೂ ಯಾರಾದರೂ ಬಂದು ಕಾಡಿದರೆ 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿ ತೋರಿಸಿ. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ರಾಯಚೂರಿಲ್ಲ, ಬಳ್ಳಾರಿಯೂ ಇಲ್ಲ. ಪಟ್ಟಿಯಲ್ಲಿಲ್ಲದ ಊರಿನ ಗಾಳಿ ಕೆಟ್ಟಿದೆ ಎನ್ನಲು ಯಾರಿಗೂ ಅಧಿಕಾರವಿಲ್ಲ.

ಇಷ್ಟನ್ನು ಶ್ರದ್ಧೆಯಿಂದ ಪಾಲಿಸಿ, ಮೂರು ವರ್ಷ ಸುಸೂತ್ರವಾಗಿ ಕಳೆಯುತ್ತದೆ, ಬಡ್ತಿಯೂ ಬರುತ್ತದೆ. ನಿವೃತ್ತಿಯ ಮನೆಗೆ ನಿವೇಶನ ಕೊಳ್ಳುವಾಗ ಮಾತ್ರ ಈ ಕೈಪಿಡಿಯನ್ನು ಬದಿಗಿಟ್ಟು, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನಿಜವಾಗಿ ನೋಡಿ.