ತಂಬೂರಿಯೊಡನೆ ಅರೆಗಳಿಗೆ

ಬೆಂಗಳೂರಿನ ಸಂಗೀತಸಭೆಯೊಂದರ ನೇಪಥ್ಯದಲ್ಲಿ, ಕಚೇರಿಗೆ ಇನ್ನೂ ಅರೆಗಳಿಗೆಯಿರುವಾಗ, ಗೋಡೆಗೊರಗಿ ನಿಂತಿದ್ದ ಹಲಸಿನ ಮರದ ವೃದ್ಧ ತಂಬೂರಿಯನ್ನು ಕಂಡು, ಆಕೆಯ ಪಕ್ಕದಲ್ಲಿಯೇ ವಿರಾಜಮಾನವಾಗಿದ್ದ ವಿದ್ಯುತ್ ಶ್ರುತಿಪೆಟ್ಟಿಗೆಗೆ ಕೇಳಿಸದಂತೆ ಮೆಲ್ಲನೆ ಮಾತಿಗೆಳೆದೆನು.

— ತಾಯಿ, ಕ್ಷೇಮವೆ?

— ಕ್ಷೇಮವೇ ಅಯ್ಯಾ. ತಿಂಗಳಿಗೊಮ್ಮೆ ಧೂಳೊರಸುವರು, ಛಾಯಾಚಿತ್ರಕ್ಕೆ ನಿಲ್ಲಿಸುವರು. ಮೀಟುವವರು ಮಾತ್ರ ವಿರಳ.

— ಪೆಟ್ಟಿಗೆಯ ಮೇಲೆ ಮತ್ಸರವೆ?

— ಅದರಲ್ಲಿ ದೋಷವೇನಿದೆ? ಗುಂಡಿಯೊತ್ತಿದರೆ ಸಾಕು, ಸಿದ್ಧ. ನನಗಾದರೋ ಪಂಚಮ, ಸಾರಣಿ, ಅನುಸಾರಣಿ, ಮಂದ್ರಗಳೆಂಬ ನಾಲ್ಕು ತಂತಿಗಳನ್ನು ಬಿಗಿದು, ಕುದುರೆಯ ಮೇಲೆ ಒಂದೊಂದರಡಿಯಲ್ಲಿಯೂ ಜೀವಾಳದ ನೂಲನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಕಿವಿಗೊಟ್ಟು ಕಾಯಬೇಕು. ಹಾಗೆ ಕಾದವನಿಗೆ, ಯಾವ ತಂತಿಗೂ ಕಟ್ಟದ, ಯಾರೂ ಮೀಟದ ಗಾಂಧಾರವೊಂದು ಮಂದ್ರದ ಝೇಂಕಾರದೊಳಗಿಂದ ತಾನಾಗಿ ಮೂಡಿ ಕೇಳಿಸುವುದು. ಮೀಟಿದುದನ್ನು ಕೇಳುವವರಿದ್ದಾರೆ, ಮೀಟದುದನ್ನು ಕೇಳುವ ವ್ಯವಧಾನವೆಲ್ಲಿ?

— ಇದು ಸಂಗೀತಕ್ಕೆ ಮಾತ್ರ ತಗುಲಿದ ವ್ಯಾಧಿಯೆ?

— ಕಾವ್ಯದ ಕಥೆಯೂ ಇದೇ. ಆನಂದವರ್ಧನನು ಯಾವುದನ್ನು ಧ್ವನಿಯೆಂದನೋ ಅದೇ ನನ್ನ ಗಾಂಧಾರ. ಕಳೆದ ವಾರ ಇದೇ ವೇದಿಕೆಯಲ್ಲಿ ಕವನಸಂಕಲನವೊಂದು ಬಿಡುಗಡೆಯಾಯಿತು. ಪ್ರಾರ್ಥನೆಗೆಂದು ನನ್ನನ್ನೂ ಕರೆತಂದಿದ್ದರು. ಕವಿಯು ಪ್ರತಿಯೊಂದು ಕವಿತೆಗೆ ಮುನ್ನ ಅದರ ಅರ್ಥವನ್ನೂ, ಅನಂತರ ಅದರ ಮಹತ್ತ್ವವನ್ನೂ ತಾನೇ ವಿವರಿಸಿದನು. ಒಂದು ಪುಟವನ್ನೂ ತಿರುವದ ಅಧ್ಯಕ್ಷರು ಅದನ್ನು ಯುಗಪ್ರವರ್ತಕ ಕೃತಿಯೆಂದು ಘೋಷಿಸಿದರು. ಧ್ವನಿಯೆಂಬುದು ಅಲ್ಲಿ ಇದ್ದುದು ಧ್ವನಿವರ್ಧಕದಲ್ಲಿ ಮಾತ್ರ.

— ಹಾಗಾದರೆ ಹೊಸತೆಲ್ಲವೂ ಹಾಳೆಂಬುದೇ ತಮ್ಮ ಮತವೋ?

ತಂಬೂರಿಯು ಕೊಂಚ ಅಪಶ್ರುತಿಯಲ್ಲಿ ನಕ್ಕಳು. (ಅಂದು ಹವೆಯಲ್ಲಿ ತೇವವಿದ್ದಿತು.)

— ತುಂಬುರನ ವಂಶದವಳೆಂದು ಹೇಳಿಕೊಳ್ಳುವೆನಾದರೂ, ಭರತನ ನಾಟ್ಯಶಾಸ್ತ್ರದಲ್ಲಿ ನನ್ನ ಹೆಸರಿಲ್ಲವೆಂಬುದನ್ನು ಬಲ್ಲೆನು. ನಾನು ಬಂದಾಗಲೂ ಯಾರಾದರೂ ಮೂಗು ಮುರಿದಿರಬೇಕು. ನೀಲಗಾರರ ಹೆಗಲೇರಿ ಮಂಟೇಸ್ವಾಮಿಯ ಕಥೆಗೆ ರಾತ್ರಿಯೆಲ್ಲ ನಾದವೀಯುವ ನನ್ನ ತಂಗಿಯು ಯಾವ ಶಾಸ್ತ್ರವನ್ನು ಓದಿದ್ದಾಳೆ? ಆದರೆ ಅಲ್ಲಿ ಜನ ಕುಳಿತು ಕೇಳುವರು. ಇಲ್ಲಿ ಸಂಪ್ರದಾಯ ಹಾಳಾಯಿತೆಂದು ಮರುಗುವ ಪಂಚೆ-ಶಲ್ಯದ ರಸಿಕರೇ, ತನಿ ಆವರ್ತನ ಆರಂಭವಾದೊಡನೆ ಬೋಂಡ-ಕಾಫಿಯ ಕಡೆಗೆ ಎದ್ದು ನಡೆವರು.

ನಾನು ಗಡಿಯಾರವನ್ನು ನೋಡಿಕೊಂಡೆನು. ಆಕೆ ಅದನ್ನು ಕಂಡಳೆಂದು ತೋರುತ್ತದೆ, ಮತ್ತೆ ಮಾತನಾಡಲಿಲ್ಲ. ಪರದೆಯೇಳುವ ಮುನ್ನ ಇಬ್ಬರು ಬಂದು ಆಕೆಯನ್ನು ಎತ್ತಿಕೊಂಡು ಹೋಗಿ ವಿದ್ವಾಂಸರ ಹಿಂದೆ, ದೀಪದ ಬೆಳಕು ಚೆನ್ನಾಗಿ ಬೀಳುವಲ್ಲಿ ನಿಲ್ಲಿಸಿದರು. ಮೈಕನ್ನು ಪೆಟ್ಟಿಗೆಯ ಮುಂದಿರಿಸಿದರು.