ಮೇಜು ಒರೆಸಿದ ಮಹನೀಯರು

ನಮ್ಮ ಬೀದಿಯ ಕಾದಂಬರಿಕಾರರಿಗೆ ಬರುವ ತಿಂಗಳು ಅರವತ್ತು ತುಂಬುತ್ತದೆ. ಅಭಿನಂದನ ಗ್ರಂಥ ತಯಾರಾಗುತ್ತಿದೆ. ‘ಎದುರು ಮನೆಯವರು ನೀವು, ಅವರ ದಿನಚರಿಯ ಮೇಲೆ ನಾಲ್ಕು ಪುಟ ಬರೆದುಕೊಡಿ’ ಎಂದು ಸಂಪಾದಕರು ಕೇಳಿದರು. 1941ರಲ್ಲಿ ಬಿ.ಎಂ.ಶ್ರೀ ಅವರಿಗೆ ‘ಸಂಭಾವನೆ’ ಒಪ್ಪಿಸಿದ ಕಾಲದಿಂದ ಕನ್ನಡದಲ್ಲಿ ಈ ಬಗೆಯ ಗ್ರಂಥಗಳಿಗೆ ಬರವಿಲ್ಲ. ಅವೆಲ್ಲ ಬರೆದ ಪುಟಗಳ ಲೆಕ್ಕ ಕೊಡುತ್ತವೆ. ವಿಲೇವಾರಿ ಮಾಡಿದ ಪುಟಗಳ ಲೆಕ್ಕ ಕೊಡಬೇಕಾದ ಸಾಹಿತಿ ನಮಗೆ ದೊರೆತಿರುವುದು ಇದೇ ಮೊದಲು. ಸಂತೋಷದಿಂದ ಒಪ್ಪಿಕೊಂಡೆ.

ಮೊನ್ನೆಮೊನ್ನೆಯ ತನಕ ಅವರ ದಿನ ಹೀಗಿರುತ್ತಿತ್ತು: ನಾಲ್ಕೂವರೆಗೆ ಏಳುತ್ತಾರೆ. ಕಾಫಿ ಕುಡಿದು, ಐದಕ್ಕೆ ಸರಿಯಾಗಿ ಮೇಜಿನ ಮುಂದೆ ಕೂರುತ್ತಾರೆ. ಕಾದಂಬರಿಯ ನಾಲ್ಕನೆಯ ಅಧ್ಯಾಯ ಎದುರಿಗಿರುತ್ತದೆ. ಇನ್ನೇನು ಬರೆಯಬೇಕು, ಮಸಿಪೆನ್ನಿನ ಕತ್ತಿನಲ್ಲಿ ಒಣಗಿದ ಮಸಿ ಕಣ್ಣಿಗೆ ಬೀಳುತ್ತದೆ. ಕೊಳಕು ಪೆನ್ನಿನಿಂದ ಶುದ್ಧ ಸಾಹಿತ್ಯ ಬರುವುದಾದರೂ ಹೇಗೆ? ಉಗುರುಬೆಚ್ಚಗಿನ ನೀರಿನಲ್ಲಿ ಪೆನ್ನು ತೊಳೆದು ಕಿಟಕಿಯ ಬಳಿ ಒಣಗಲಿಡುತ್ತಾರೆ. ಅದು ಒಣಗುವ ತನಕ ಡ್ರಾಯರು. ಡ್ರಾಯರಿನಲ್ಲಿ ಕಾಲು ಮುರಿದ ಕನ್ನಡಕ, ಅರಸೀಕೆರೆಗೆ ಹೋದ ಯಾವುದೋ ಕಾಲದ ಬಸ್ ಟಿಕೆಟ್, ಯಾವ ಬೀಗದ್ದೆಂದು ಗೊತ್ತಿಲ್ಲದ ಐದು ಕೀಲಿಕೈ. ಐದನ್ನೂ ಹಿಡಿದು ಮನೆಯ ಬೀಗಗಳಿಗೆಲ್ಲ ಹಾಕಿ ನೋಡುವಷ್ಟರಲ್ಲಿ ಹನ್ನೊಂದು ಗಂಟೆ. ಶ್ರೀಮತಿಯವರು ಊಟಕ್ಕೆ ಕರೆಯುವ ಹೊತ್ತಿಗೆ ಡ್ರಾಯರು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಕೀಲಿಕೈಗಳು ಮಾತ್ರ ಅಲ್ಲೇ ಇರುತ್ತವೆ, ಎಂದಾದರೂ ಬೇಕಾಗಬಹುದು ಎಂದು.

ಇದರ ಎದುರಿಗೆ ನಮ್ಮ ಹಿಂದಿನವರನ್ನು ಇಟ್ಟು ನೋಡಿ. ಇದೇ ಮೈಸೂರಿನ ತ್ರಿವೇಣಿ ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡರು; ಬರೆದದ್ದು ಹತ್ತು ವರ್ಷ, ಕಾದಂಬರಿ ಇಪ್ಪತ್ತರಷ್ಟು. ಅದೇ ವರ್ಷ ಎಂ.ಕೆ. ಇಂದಿರಾ ನಲವತ್ತು ದಾಟಿದ ಮೇಲೆ ‘ತುಂಗಭದ್ರಾ’ ಹೊರತಂದು, ಇನ್ನು ನಿಲ್ಲಿಸುವ ಮಾತೇ ಇಲ್ಲವೆಂಬಂತೆ ಬರೆಯತೊಡಗಿದರು. ಅನಕೃ ಕಾದಂಬರಿಗಳ ನೂರು ದಾಟಿಸಿದರು. ಕಾರಂತರು ನಲವತ್ತಕ್ಕೂ ಹೆಚ್ಚು ಬರೆದು, ಸಾಲದೆಂದು ಯಕ್ಷಗಾನ ಕುಣಿಸಿ, ವಿಜ್ಞಾನ ವಿಶ್ವಕೋಶ ಬರೆದು, ಕೈಗಾ ಅಣುಸ್ಥಾವರದ ವಿರುದ್ಧ ಚುನಾವಣೆಗೂ ನಿಂತರು. ಇವರೆಲ್ಲರ ಡ್ರಾಯರುಗಳ ಗತಿ ಏನಾಗಿತ್ತೆಂದು ಯಾವ ವಿಮರ್ಶಕನೂ ಬರೆದಿಲ್ಲ. ಊಹಿಸಿಕೊಂಡರೇ ಸಂಕಟವಾಗುತ್ತದೆ.

ನಮ್ಮವರಿಗೆ ದೀಕ್ಷೆಯಾದದ್ದು ಅಮೆರಿಕದಲ್ಲಿರುವ ಮಗಳು ಒಂದು ಪುಸ್ತಕ ಕಳಿಸಿದಾಗ. ಜಪಾನಿನ ಮಾರಿ ಕೊಂಡೋ ಅವರ, 2014ರಲ್ಲಿ ಇಂಗ್ಲಿಷಿಗೆ ಬಂದ, ಮನೆ ಓರಣದ ಪುಸ್ತಕ. ಪ್ರತಿ ವಸ್ತುವನ್ನೂ ಕೈಗೆತ್ತಿಕೊಂಡು, ಇದು ಒಳಗೆ ಆನಂದ ಹುಟ್ಟಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು. ಹುಟ್ಟಿಸದಿದ್ದರೆ ಅದಕ್ಕೊಂದು ವಂದನೆ ಹೇಳಿ ಕಳಿಸಿಬಿಡಬೇಕು. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಆಮೇಲೆ ಕಾಗದಪತ್ರ, ಆಮೇಲೆ ಚಿಲ್ಲರೆ ಸಾಮಾನು, ನೆನಪಿನ ವಸ್ತುಗಳು ಕಟ್ಟಕಡೆಗೆ. ಆ ಪುಸ್ತಕವನ್ನು ನಮ್ಮವರು ಮೂರು ಸಲ ಓದಿದರು. ಇಟ್ಟುಕೊಳ್ಳಲು ಜಾಗ ಬೇಕಾದ್ದರಿಂದ ಮೊದಲು ಹೊರಹೋದದ್ದೂ ಅದೇ.

ಜಪಾನಿನಲ್ಲಿ ಬಟ್ಟೆ ಎಂದರೆ ಬಟ್ಟೆ. ಕನ್ನಡ ಸಾಹಿತಿಯ ಬೀರುವಿನಲ್ಲಿ ಬಟ್ಟೆ ಎಂದರೆ ಶಾಲು. ನಮ್ಮವರ ಬೀರುವಿನಲ್ಲಿ ಮೂವತ್ತೇಳು ಇದ್ದವು, ಹನ್ನೊಂದು ಮೈಸೂರು ಪೇಟ ಬೇರೆ. ಒಂದೊಂದನ್ನೂ ಎತ್ತಿಕೊಂಡು ಕೇಳಿದರು. ಒಂದೂ ಉತ್ತರ ಕೊಡಲಿಲ್ಲ. ಮೇಜು ಒರೆಸಲಾದರೂ ಆದೀತೆಂದು ಪ್ರಯೋಗ ಮಾಡಿ, ಸನ್ಮಾನದ ಶಾಲು ನೀರು ಹೀರುವುದಿಲ್ಲ, ಅದರ ಜರಿ ಪಾಲಿಶ್ ಗೀರುತ್ತದೆ ಎಂಬ ಸತ್ಯ ಕಂಡುಕೊಂಡರು. ನಮ್ಮ ಸಾಂಸ್ಕೃತಿಕ ಬದುಕಿನ ಬಗ್ಗೆ ಇತ್ತೀಚೆಗೆ ಬಂದ ಮೌಲಿಕ ಸಂಶೋಧನೆ ಇದೊಂದೇ ಎಂದು ನನ್ನ ಅಭಿಪ್ರಾಯ. ಇನ್ನು ಸ್ಮರಣಿಕೆಗಳು: ಫೈಬರ್ ಸರಸ್ವತಿ ಒಂಬತ್ತು, ಅದರಲ್ಲಿ ಇಬ್ಬರಿಗೆ ವೀಣೆಯಿಲ್ಲ, ಹೆಸರಿಗೆ ಒತ್ತಕ್ಷರ ತಪ್ಪಿದ ಫಲಕ ಆರು.

ಸರ್ಕಾರಕ್ಕೂ ಈ ಕಷ್ಟ ಅರ್ಥವಾಗಿತ್ತು. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹಣ್ಣಿನ ಬುಟ್ಟಿ, ಶಾಲು, ಸ್ಮರಣಿಕೆ ಬೇಡ, ಬೇಕಾದರೆ ಕನ್ನಡ ಪುಸ್ತಕ ಕೊಡಿ ಎಂದು ಆಜ್ಞೆಯಾಯಿತು. 2023ರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ತಮಗೆ ಹೂವು, ಶಾಲು ಬೇಡ, ಪುಸ್ತಕ ಸಾಕು ಎಂದರು. ನಮ್ಮವರು ಉಬ್ಬಿಹೋದರು. ಇನ್ನು ತಮ್ಮ ಮನೆಯ ಪುಸ್ತಕಗಳು ತಾವಾಗಿಯೇ ನಡೆದುಕೊಂಡು ಹೋಗುತ್ತವೆ ಎಂದು ಕಾದರು. ಒಂದು ಸಭೆಯಲ್ಲಿ ಅವರಿಗೇ ಪುಸ್ತಕ ಕೊಟ್ಟು ಸನ್ಮಾನಿಸಿದರು. ಬಿಚ್ಚಿ ನೋಡಿದರೆ ಅವರದೇ ಕಾದಂಬರಿ.

ಆ ಕಾದಂಬರಿಯ ಪ್ರತಿಗಳು ಮಂಚದ ಕೆಳಗೆ ಅದಾಗಲೇ ನೂರನಲವತ್ತು ಇದ್ದವು. ಪ್ರಕಾಶಕರು ಗೌರವಧನವನ್ನು ಪುಸ್ತಕದ ರೂಪದಲ್ಲಿ ಕೊಡುವ ನಮ್ಮ ಘನ ಸಂಪ್ರದಾಯದ ಫಲ. ನೂರನಲವತ್ತನ್ನೂ ಬಿಡಿಬಿಡಿಯಾಗಿ ಎತ್ತಿಕೊಂಡು ಆನಂದ ಕೇಳಿದ್ದಾರೆ. ಪ್ರಾಮಾಣಿಕತೆ ಎಂದರೆ ಅದು. ಕೊನೆಗೆ ರದ್ದಿಯವನು ಬಂದ. ತೂಗಿದ, ಎಣಿಸಿದ, ಸ್ಥಳದಲ್ಲೇ ನಗದು ಕೊಟ್ಟ. ಮೂವತ್ತು ವರ್ಷದ ಸಾಹಿತ್ಯ ಜೀವನದಲ್ಲಿ ಲೆಕ್ಕ ಚುಕ್ತಾ ಮಾಡಿದ ಮೊದಲ ಪುಸ್ತಕ ವ್ಯಾಪಾರಿ ಅವನೇ ಎಂದು ಹೇಳುವಾಗ ಅವರ ಗಂಟಲು ಕಟ್ಟಿತು.

ಕಾಗದಪತ್ರದ ಹಂತದಲ್ಲಿ ತಾತ್ವಿಕ ತೊಡಕೊಂದು ಎದ್ದಿತು. ಅರ್ಧ ಬರೆದ ಕಾದಂಬರಿ ಕಾಗದವೋ, ನೆನಪಿನ ವಸ್ತುವೋ? ಕಾಗದವಾದರೆ ಈಗಲೇ ಹೋಗಬೇಕು; ನೆನಪಾದರೆ ಕೊನೆಯ ತನಕ ಮುಟ್ಟುವಂತಿಲ್ಲ. ಇದನ್ನು ಚಿಂತಿಸುತ್ತ ಮೂರು ವಾರ ಕಳೆದರು, ಆ ಮೂರು ವಾರ ಬರೆಯುವುದು ಸಹಜವಾಗಿಯೇ ಉಚಿತವಾಗಿರಲಿಲ್ಲ. ಇಲ್ಲೊಂದು ಮಾತು ಹೇಳಬೇಕು. ಸರಸ್ವತಿಪುರಂನ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ ಇದೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿ ಕಟ್ಟಿನಲ್ಲಿ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರ ಕಂಡು, 1909ರಲ್ಲಿ ಅಚ್ಚು ಹಾಕಿಸಿದ್ದು ಆ ಸಂಸ್ಥೆಯ ಕೆಲಸದಲ್ಲೇ. ಧೂಳು ಹಿಡಿದ ಕಟ್ಟನ್ನು ಬಿಚ್ಚಿ ಓದುತ್ತ ಕೂತರಂತೆ! ನಮ್ಮವರ ಕೈಗೆ ಸಿಕ್ಕಿದ್ದರೆ ಒಂದು ವಂದನೆಯಲ್ಲಿ ಕಪಾಟು ಖಾಲಿಯಾಗುತ್ತಿತ್ತು.

ಕಂಪ್ಯೂಟರಿನ ಕಸ ಇನ್ನೂ ಸೂಕ್ಷ್ಮವಾದದ್ದು. ಹಳೆಯ ಕಾದಂಬರಿಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿದ್ದವು, ಯೂನಿಕೋಡಿಗೆ ತಿರುಗಿಸಿದರು. ತಿರುಗಿಸಿದಾಗ ಅರ್ಕಾವತ್ತು ಚೆಲ್ಲಾಪಿಲ್ಲಿಯಾಗಿ, ಒತ್ತುಗಳು ಪಕ್ಕದ ಮನೆಗೆ ಹೋಗಿ ಕೂತವು. ಅವನ್ನು ಹುಡುಕಿ ತಂದು ಕೂರಿಸಲು ನಾಲ್ಕು ತಿಂಗಳು. ಆ ಕಾದಂಬರಿಗಳ ಅಚ್ಚಾದ ಪ್ರತಿಗಳು ಆಗಲೇ ತೂಕಕ್ಕೆ ಹೋಗಿದ್ದವು ಎಂಬುದು ಬೇರೆ ಮಾತು.

ಹೊಸ ಕಾದಂಬರಿಯೂ ಈ ಸಂಸ್ಕಾರದಿಂದ ವಂಚಿತವಾಗಲಿಲ್ಲ. ಮಲೆನಾಡಿನ ಒಂದು ಅವಿಭಕ್ತ ಕುಟುಂಬ, ಮೂರು ತಲೆಮಾರು, ಮೂವತ್ತೆರಡು ಪಾತ್ರ ಎಂದು ಶುರು ಮಾಡಿದ್ದರು. ಒಬ್ಬೊಬ್ಬರನ್ನೇ ಎತ್ತಿಕೊಂಡು ಕೇಳತೊಡಗಿದರು. ವಿಧವೆ ಸೋದರತ್ತೆ ಆನಂದ ಹುಟ್ಟಿಸಲಿಲ್ಲ, ಮೊದಲು ಹೊರಬಿದ್ದಳು. ಇದು ವಾಸ್ತವಕ್ಕೂ ಹತ್ತಿರ. ಆಮೇಲೆ ಚಿಕ್ಕಪ್ಪಂದಿರು, ಜೀತದಾಳು, ಅಡಿಕೆ ಕೊನೆಗಾರ. ಹೋದ ದೀಪಾವಳಿಯ ಹೊತ್ತಿಗೆ ಮನೆಯಲ್ಲಿ ಅಜ್ಜಿ ಮತ್ತು ನಾಯಿ ಉಳಿದಿದ್ದರು. ಗುಡಿಸಿ ಗುಂಡಾಂತರ ಎಂಬ ಮಾತಿನ ಅರ್ಥ ನನಗೆ ಆವತ್ತು ಹೊಳೆಯಿತು. ಕನ್ನಡದಲ್ಲಿ ಇಷ್ಟು ಸ್ವಚ್ಛವಾದ ಕಾದಂಬರಿ ಇನ್ನೊಂದಿಲ್ಲ.

ಮನೆಯವರ ಸಹಕಾರವನ್ನೂ ನೆನೆಯಬೇಕು. ಕಸ ಗುಡಿಸುವುದು, ಪಾತ್ರೆ ಬೆಳಗುವುದು, ಜೇಡರ ಬಲೆ ತೆಗೆಯುವುದು ಎಂದಿನಂತೆ ಶ್ರೀಮತಿಯವರ ಪಾಲಿನದು. ಅದು ಬರಿ ಕೆಲಸ, ಇವರದು ಸಾಧನೆ. ಒಂದು ಸೋಮವಾರ ಅವರ ಹೊಲಿಗೆ ಯಂತ್ರ ಕಾಣೆಯಾಯಿತು. ಮಂಗಳವಾರ ಇವರ ಹಾರ್ಮೋನಿಯಂ ಕಾಣೆಯಾಯಿತು. ಬುಧವಾರದಿಂದ ಆ ಮನೆಯಲ್ಲಿ ಅಪೂರ್ವ ಶಾಂತಿ.

2023ರ ಜನವರಿಯಲ್ಲಿ, ಮೂರನೆಯ ಮಗುವಾದ ಮೇಲೆ ಓರಣದ ಹಟ ಹೆಚ್ಚುಕಡಿಮೆ ಬಿಟ್ಟಿದ್ದೇನೆ ಎಂದು ಕೊಂಡೋ ಅವರೇ ಹೇಳಿದ ಸುದ್ದಿ ನನಗೆ ತಡವಾಗಿ ಸಿಕ್ಕಿತು. ನಾನೇ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ದ್ರೋಣರು ಬಿಟ್ಟರೆ ಏಕಲವ್ಯ ಬಿಡುತ್ತಾನೆಯೇ?’ ಎಂದು ಎದ್ದು, ಪುಸ್ತಕದ ಕಪಾಟನ್ನೇ ಮಾರಿಬಿಟ್ಟರು. ಪುಸ್ತಕಗಳಿಲ್ಲದ ಮೇಲೆ ಅದೂ ಕಸವೇ ತಾನೆ.

ಕೊನೆಗೆ ಉಳಿದಿದ್ದ ಮೇಜು ಹೋದ ತಿಂಗಳು ನಮ್ಮ ಮನೆಗೆ ಬಂತು. ‘ಬರೆಯುವವನಿಗೆ ಮನಸ್ಸು ಖಾಲಿಯಿರಬೇಕು, ಮೇಜು ಎದುರಿಗಿದ್ದರೆ ಖಾಲಿಯಾಗುವುದಿಲ್ಲ’ ಎಂದು ಕೊಟ್ಟರು. ಈ ಲೇಖನ ಬರೆಯುತ್ತಿರುವುದು ಅದರ ಮೇಲೆಯೇ. ನುಣುಪಾಗಿದೆ, ಒಂದು ಮಸಿ ಕಲೆಯಿಲ್ಲ. ನಿನ್ನೆ ಡ್ರಾಯರು ಬಿಗಿಯಿತೆಂದು ಪೂರ್ತಿ ಎಳೆದಾಗ ಹಿಂದುಗಡೆ ಸಿಕ್ಕಿಕೊಂಡಿದ್ದ ಒಂದು ಕಟ್ಟು ಹೊರಬಂತು: ಕಾದಂಬರಿಯ ಮೂರನೆಯ ಅಧ್ಯಾಯ, ಸೋದರತ್ತೆ ಇನ್ನೂ ಮನೆಯಲ್ಲಿದ್ದ ಕಾಲದ್ದು. ನಿಂತಲ್ಲೇ ಓದಿದೆ. ಕಾಫಿಯ ಮೇಲೆ ಕೆನೆಗಟ್ಟಿದ್ದು ಗೊತ್ತಾಗಲಿಲ್ಲ.

ಕಟ್ಟು ತೆಗೆದುಕೊಂಡು ಎದುರು ಮನೆಗೆ ಹೋದೆ. ಅವರು ಬಾಗಿಲಲ್ಲೇ ತಡೆದರು. ಒಂದು ವಸ್ತು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು, ಅದು ಈ ಮನೆಯ ನಿಯಮ. ಹೊರಗೆ ಹಾಕಲು ಏನಿದೆ ಎಂದು ತಿರುಗಿ ನೋಡಿದರು. ಕೋಣೆಯಲ್ಲಿ ಒಂದು ಕುರ್ಚಿ, ಒಂದು ಪೊರಕೆ. ಕುರ್ಚಿಯ ಮೇಲೆ ಒಗೆದ ಒರಸುಬಟ್ಟೆ ಒಣಗುತ್ತಿತ್ತು. ಪೊರಕೆಯನ್ನು ಕೈಗೆತ್ತಿಕೊಂಡರು, ಕಣ್ಣು ಮುಚ್ಚಿದರು, ಮುಖದಲ್ಲಿ ನಿಧಾನವಾಗಿ ಆನಂದ ಮೂಡಿತು.

ಮೂರನೆಯ ಅಧ್ಯಾಯ ನಮ್ಮ ಮನೆಯಲ್ಲೇ ಇದೆ.